ಗೇಮ್ ಯಂತ್ರಗಳ ಆನ್‌ಲೈನ್ ನಿಷೇಧ: ಆಳಂದ, ಅಫಜಲಪುರ, ಜೇವರ್ಗಿಯ ವರ್ತಕರು ಅರಿಯಬೇಕಾದ ಸಂಗತಿಗಳು

ಆಳಂದ, ಅಫಜಲಪುರ ಮತ್ತು ಜೇವರ್ಗಿ ಪಟ್ಟಣಗಳ ವ್ಯಾಪಾರವೆಂದರೆ ತೊಗರಿ, ಕಡಲೆ, ಹತ್ತಿ, ಕಬ್ಬುಗಳ ವ್ಯಾಪಾರವೆಂದೇ ಬಹುಕಾಲದಿಂದ ಭಾವಿಸಲಾಗಿದೆ. ಆದರೆ ಕಳೆದ ಎರಡು ದಶಕಗಳಲ್ಲಿ ಈ ಪಟ್ಟಣಗಳ ಮುಖ್ಯ ರಸ್ತೆಗಳಲ್ಲಿ ಮೊಬೈಲ್ ಮಾರಾಟ ಮತ್ತು ದುರಸ್ತಿಯ ಅಂಗಡಿಗಳು ತಲೆಯೆತ್ತಿ, ಅನೇಕ ಯುವಕರ ಜೀವನೋಪಾಯಕ್ಕೆ ಆಧಾರವಾಗಿವೆ. ಮೆಮೊರಿ ಕಾರ್ಡಿಗೆ ಹಾಡು ತುಂಬಿಸುವುದು, ತಂತ್ರಾಂಶ ಹಾಕಿಕೊಡುವುದು, ಬಳಸಿದ ಉಪಕರಣಗಳನ್ನು ಕೊಂಡು ಮಾರುವುದು ಇಂಥ ಅಂಗಡಿಗಳ ನಿತ್ಯದ ಕೆಲಸ. ಈ ಕೆಲಸಗಳ ಸಾಲಿಗೆ ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಯಂತ್ರವೂ ಸೇರುವ ಕಾಲ ಬಂದಿದೆ. ಹೈದರಾಬಾದ್, ಮುಂಬಯಿ, ಪುಣೆಗಳಲ್ಲಿ ಓದುವ ಅಥವಾ ದುಡಿಯುವ ಮಕ್ಕಳು ಊರಿಗೆ ತರುವ ಯಂತ್ರಗಳು, ಅಂತರಜಾಲದ ಮೂಲಕ ತರಿಸಿದ ಯಂತ್ರಗಳು ಒಂದಲ್ಲ ಒಂದು ದಿನ ಊರಿನ ಅಂಗಡಿಯ ಕೌಂಟರಿಗೆ ಬಂದೇ ಬರುತ್ತವೆ.

ಹೀಗೆ ಬರುವ ಗಿರಾಕಿ ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಕೇಳುತ್ತಾನೆ. "ಇದರಲ್ಲಿ ಗೇಮ್ ತುಂಬಿಸಿ ಕೊಡುತ್ತೀರಾ?" ಎಂಬುದು ಮೊದಲನೆಯದು. "ಇದನ್ನು ಕೊಂಡುಕೊಳ್ಳುತ್ತೀರಾ?" ಎಂಬುದು ಎರಡನೆಯದು. ಎರಡೂ ಪ್ರಶ್ನೆಗಳಿಗೆ ಯೋಚಿಸದೆ "ಆಗಲಿ" ಎಂದರೆ ವರ್ತಕನು ತನಗೆ ಅರಿವಿಲ್ಲದ ನಷ್ಟವನ್ನೂ ಕಾನೂನಿನ ತೊಡಕನ್ನೂ ಮೈಮೇಲೆ ಎಳೆದುಕೊಂಡಂತೆ. ಕಳ್ಳಪ್ರತಿಯ ಆಟವನ್ನು ಆಡಿದ ಯಂತ್ರವನ್ನು ತಯಾರಕ ಸಂಸ್ಥೆಯು ತನ್ನ ಆನ್‌ಲೈನ್ ಸೇವೆಯಿಂದ ಶಾಶ್ವತವಾಗಿ ಹೊರಗಿಡಬಲ್ಲದು. ಹಾಗೆ ಹೊರಗಿಟ್ಟ ಯಂತ್ರ ಕೈ ಬದಲಾದರೂ ನಿಷೇಧ ಬದಲಾಗುವುದಿಲ್ಲ. ಈ ನಿಷೇಧವೆಂದರೇನು, ಅದು ಹೇಗೆ ಜಾರಿಯಾಗುತ್ತದೆ, ನಮ್ಮ ನಾಡಿನ ಕಾನೂನು ಏನು ಹೇಳುತ್ತದೆ, ವರ್ತಕನು ತನ್ನ ಬಂಡವಾಳವನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬುದನ್ನು ಸದಸ್ಯ ಬಾಂಧವರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ನಿಷೇಧದ ಮೂರು ಬಗೆಗಳು

ಆನ್‌ಲೈನ್ ನಿಷೇಧವೆಂದು ಒಂದೇ ಮಾತಿನಲ್ಲಿ ಹೇಳಿದರೂ ಅದರಲ್ಲಿ ಮೂರು ಬಗೆಗಳುಂಟು.

ಮೊದಲನೆಯದು ಖಾತೆಯ ನಿಷೇಧ. ಆಟಗಾರನು ತನ್ನ ಹೆಸರಿನಲ್ಲಿ ತೆರೆದ ಖಾತೆಯನ್ನು ಸಂಸ್ಥೆಯು ಸ್ಥಗಿತಗೊಳಿಸುತ್ತದೆ. ಆ ಖಾತೆಯಲ್ಲಿ ಹಣ ಕೊಟ್ಟು ಕೊಂಡ ಆಟಗಳೂ ಕೈತಪ್ಪಬಹುದು. ಆದರೆ ಯಂತ್ರವನ್ನು ಬೇರೆ ಖಾತೆಯಿಂದ ಬಳಸಲು ಅಡ್ಡಿಯಿರುವುದಿಲ್ಲ.

ಎರಡನೆಯದು ಯಂತ್ರದ ನಿಷೇಧ. ಇಲ್ಲಿ ಸಂಸ್ಥೆಯು ಗುರುತಿಸುವುದು ವ್ಯಕ್ತಿಯನ್ನಲ್ಲ, ಯಂತ್ರವನ್ನು. ಯಾರ ಖಾತೆಯಿಂದ ಪ್ರಯತ್ನಿಸಿದರೂ ಆ ಯಂತ್ರವು ಸಂಸ್ಥೆಯ ಆನ್‌ಲೈನ್ ಅಂಗಡಿಯನ್ನಾಗಲಿ, ಇತರರೊಡನೆ ಕೂಡಿ ಆಡುವ ಸೇವೆಯನ್ನಾಗಲಿ ಪ್ರವೇಶಿಸಲಾರದು. ವ್ಯಾಪಾರಿಗೆ ಅತ್ಯಂತ ಅಪಾಯಕಾರಿಯಾದುದು ಇದೇ. ಏಕೆಂದರೆ ಹೊರನೋಟಕ್ಕೆ ಯಂತ್ರವು ಸುಸ್ಥಿತಿಯಲ್ಲಿರುತ್ತದೆ, ಪರದೆ ಬೆಳಗುತ್ತದೆ, ಗುಂಡಿಗಳು ಕೆಲಸ ಮಾಡುತ್ತವೆ, ಕಾರ್ಟ್ರಿಜ್ ಹಾಕಿದರೆ ಆಟವೂ ನಡೆಯುತ್ತದೆ.

ಮೂರನೆಯದು ಆಟದ ಪ್ರತಿಯ ನಿಷೇಧ. ಒಂದು ನಿರ್ದಿಷ್ಟ ಕಾರ್ಟ್ರಿಜ್ ಅಥವಾ ಪರವಾನಗಿಯು ನಕಲಾಗಿದೆಯೆಂದು ಕಂಡುಬಂದಾಗ ಆ ಪ್ರತಿಯನ್ನು ಮಾತ್ರ ಆನ್‌ಲೈನ್‌ನಿಂದ ಹೊರಗಿಡಲಾಗುತ್ತದೆ.

ಪತ್ತೆಯಾಗುವುದು ಹೇಗೆ?

ಇದನ್ನು ವಾಹನದ ಉದಾಹರಣೆಯಿಂದ ಸುಲಭವಾಗಿ ತಿಳಿಯಬಹುದು. ಪ್ರತಿಯೊಂದು ವಾಹನಕ್ಕೂ ಕಾರ್ಖಾನೆಯಲ್ಲಿಯೇ ಚಾಸಿ ಸಂಖ್ಯೆಯನ್ನು ಕೊರೆದಿರುತ್ತಾರೆ. ಬಣ್ಣ ಬಳಿದರೂ ಸೀಟು ಬದಲಿಸಿದರೂ ಮಾಲೀಕನು ಬದಲಾದರೂ ಆ ಸಂಖ್ಯೆ ಬದಲಾಗದು. ಅದೇ ರೀತಿ ಆಧುನಿಕ ಗೇಮ್ ಯಂತ್ರದೊಳಗೆ ಕಾರ್ಖಾನೆಯಲ್ಲಿಯೇ ಒಂದು ವಿಶಿಷ್ಟ ಡಿಜಿಟಲ್ ಪ್ರಮಾಣಪತ್ರವನ್ನು ಅಳವಡಿಸಲಾಗಿರುತ್ತದೆ. ಯಂತ್ರವು ಅಂತರಜಾಲಕ್ಕೆ ಸೇರಿದೊಡನೆ ಈ ಪ್ರಮಾಣಪತ್ರವನ್ನು ಸಂಸ್ಥೆಯ ಸರ್ವರಿಗೆ ತೋರಿಸಬೇಕಾಗುತ್ತದೆ. ನಿಷೇಧಿತ ಯಂತ್ರಗಳ ಪಟ್ಟಿ ಇರುವುದು ಸರ್ವರಿನಲ್ಲಿ, ಯಂತ್ರದಲ್ಲಲ್ಲ. ಆದಕಾರಣ ಯಂತ್ರದ ಎಲ್ಲ ಮಾಹಿತಿಯನ್ನು ಅಳಿಸಿ ಹೊಸದರಂತೆ ಮಾಡಿದರೂ, ಅಂದರೆ ಫ್ಯಾಕ್ಟರಿ ರೀಸೆಟ್ ಮಾಡಿದರೂ, ನಿಷೇಧ ತೊಲಗುವುದಿಲ್ಲ. ಮೊಬೈಲ್ ಫೋನಿಗೆ ರೀಸೆಟ್ ಮಾಡಿ ದೋಷ ಸರಿಪಡಿಸುವ ಅಭ್ಯಾಸವಿರುವ ದುರಸ್ತಿಗಾರರು ಈ ಅಂಶವನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು.

ಯಂತ್ರಕ್ಕೆ ಮಾತ್ರವಲ್ಲದೆ ಆಟದ ಪ್ರತಿಗೂ ಗುರುತಿನ ಸಂಖ್ಯೆಯುಂಟು. 2017ರ ಮಾರ್ಚ್ 3ರಂದು ನಿಂಟೆಂಡೊ ಸಂಸ್ಥೆಯು ಬಿಡುಗಡೆ ಮಾಡಿದ ಸ್ವಿಚ್ ಯಂತ್ರದ ಪ್ರತಿ ಕಾರ್ಟ್ರಿಜ್‌ನಲ್ಲಿಯೂ ಪ್ರತ್ಯೇಕ ಪ್ರಮಾಣಪತ್ರವಿರುತ್ತದೆ. ಒಬ್ಬನು ತನ್ನ ಕಾರ್ಟ್ರಿಜ್‌ನ ಪ್ರತಿ ತೆಗೆದು ನೂರು ಜನರಿಗೆ ಹಂಚಿದರೆ ಆ ನೂರು ಜನರ ಯಂತ್ರಗಳೂ ಒಂದೇ ಪ್ರಮಾಣಪತ್ರವನ್ನು ಸರ್ವರಿಗೆ ತೋರಿಸುತ್ತವೆ. ಒಂದೇ ನಂಬರ್ ಪ್ಲೇಟಿನ ಎರಡು ಲಾರಿಗಳು ಒಂದೇ ಗಳಿಗೆಯಲ್ಲಿ ಎರಡು ಟೋಲ್ ನಾಕೆಗಳನ್ನು ದಾಟಿದರೆ ಮೋಸ ಬಯಲಾಗುವಂತೆಯೇ ಇದು. ಆನ್‌ಲೈನ್ ಅಂಗಡಿಯಿಂದ ಇಳಿಸಿಕೊಂಡ ಆಟಗಳ ಪರವಾನಗಿಯಲ್ಲಿ ಯಾವ ಖಾತೆ, ಯಾವ ಯಂತ್ರ ಎಂಬ ವಿವರವನ್ನು ಸಂಸ್ಥೆಯ ಸಹಿಯೊಡನೆ ಬರೆದಿರುವುದರಿಂದ ಅಲ್ಲಿ ನಕಲು ಇನ್ನೂ ಬೇಗ ಪತ್ತೆಯಾಗುತ್ತದೆ.

"ಅಂತರಜಾಲಕ್ಕೆ ಸೇರಿಸದೆ ಆಡಿದರೆ ಯಾರಿಗೆ ತಿಳಿಯುತ್ತದೆ?" ಎಂಬ ವಾದವನ್ನು ಕೆಲವರು ಮುಂದಿಡುತ್ತಾರೆ. ಆಧುನಿಕ ಯಂತ್ರಗಳು ಯಾವ ಆಟವನ್ನು ಯಾವಾಗ ಆಡಲಾಯಿತು, ಯಾವ ದೋಷ ಕಂಡುಬಂತು ಎಂಬ ದಾಖಲೆಯನ್ನು ತಮ್ಮೊಳಗೆ ಬರೆದಿಟ್ಟುಕೊಳ್ಳುತ್ತವೆ; ಮುಂದೆಂದಾದರೂ ಅಂತರಜಾಲದ ಸಂಪರ್ಕ ದೊರೆತಾಗ ಅದನ್ನು ರವಾನಿಸುತ್ತವೆ. ಆರು ತಿಂಗಳು ಸಂಪರ್ಕವಿಲ್ಲದೆ ಕಳ್ಳಪ್ರತಿಯನ್ನು ಆಡಿ, ಏಳನೆಯ ತಿಂಗಳಲ್ಲಿ ಮಾರಿದ ಯಂತ್ರವನ್ನು ಹೊಸ ಮಾಲೀಕನು ಮನೆಯ ವೈಫೈಗೆ ಸೇರಿಸಿದಾಗ ನಿಷೇಧ ಎರಗುವ ಸಂಭವವಿರುವುದು ಇದರಿಂದಲೇ. ಆಡಿದವನು ಒಬ್ಬ, ದಂಡ ತೆರುವವನು ಮತ್ತೊಬ್ಬ.

ಇನ್ನೊಂದು ಸಂಗತಿ. ತಪ್ಪು ಕಂಡ ದಿನವೇ ಸಂಸ್ಥೆಗಳು ನಿಷೇಧ ಹೇರಬೇಕೆಂದಿಲ್ಲ. ಪತ್ತೆಯ ಉಪಾಯ ಬಯಲಾಗದಿರಲೆಂದು ಹಲವು ದಿನಗಳ ಮಾಹಿತಿಯನ್ನು ಕೂಡಿಟ್ಟು ಒಮ್ಮೆಲೇ ಸಾವಿರಾರು ಯಂತ್ರಗಳನ್ನು ನಿಷೇಧಿಸುವುದು ಈ ಉದ್ಯಮದಲ್ಲಿ ರೂಢಿಯಲ್ಲಿದೆ. ಇಂದು ಪರೀಕ್ಷಿಸಿದಾಗ ಸರಿಯಾಗಿದ್ದ ಯಂತ್ರ ಮುಂದಿನ ತಿಂಗಳು ನಿಷೇಧಕ್ಕೆ ಒಳಗಾಗಬಹುದು.

ಕಳೆದ ಎರಡು ದಶಕಗಳ ಹಿನ್ನೋಟ

2004ರಲ್ಲಿ ನಿಂಟೆಂಡೊ ಡಿಎಸ್ ಮತ್ತು ಸೋನಿಯ ಪಿಎಸ್‌ಪಿ ಎಂಬ ಎರಡು ಕೈ ಯಂತ್ರಗಳು ಬಂದವು. ಆಗ ಅಂತರಜಾಲದ ಸಂಪರ್ಕ ಇಂದಿನಷ್ಟು ವ್ಯಾಪಕವಾಗಿರಲಿಲ್ಲ. ಡಿಎಸ್ ಯಂತ್ರಕ್ಕೆ ಆರ್4 ಎಂಬ ಕಾರ್ಡನ್ನು ಸಿಕ್ಕಿಸಿ ಹತ್ತಾರು ಆಟಗಳ ಕಳ್ಳಪ್ರತಿಗಳನ್ನು ಆಡುವ ಪದ್ಧತಿ ಜಗತ್ತಿನಾದ್ಯಂತ ಹಬ್ಬಿತು. ಯಂತ್ರವನ್ನು ದೂರದಿಂದ ತಡೆಯುವ ಮಾರ್ಗ ಇಲ್ಲದಿದ್ದುದರಿಂದ ಸಂಸ್ಥೆಗಳು ಕಾರ್ಡು ಮಾರುವ ವರ್ತಕರ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದವು. 2009ರ ಫೆಬ್ರುವರಿಯಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯವು ಆರ್4 ಕಾರ್ಡುಗಳ ಆಮದು ಮತ್ತು ಮಾರಾಟವನ್ನು ತಡೆಯಿತು. 2010ರಲ್ಲಿ ಲಂಡನ್ನಿನ ಹೈಕೋರ್ಟು ಸಹ ಇಂಥ ಕಾರ್ಡುಗಳ ವ್ಯಾಪಾರದ ವಿರುದ್ಧ ತೀರ್ಪಿತ್ತಿತು.

ದೊಡ್ಡ ಪ್ರಮಾಣದ ಆನ್‌ಲೈನ್ ನಿಷೇಧ ಎಲ್ಲರ ಗಮನಕ್ಕೆ ಬಂದುದು 2009ರ ನವೆಂಬರಿನಲ್ಲಿ. ಮೈಕ್ರೋಸಾಫ್ಟ್ ಸಂಸ್ಥೆಯು ಮಾರ್ಪಡಿಸಿದ ಎಕ್ಸ್‌ಬಾಕ್ಸ್ 360 ಯಂತ್ರಗಳನ್ನು ತನ್ನ ಸೇವೆಯಿಂದ ಹೊರಗಟ್ಟಿತು. ಅವುಗಳ ಸಂಖ್ಯೆ ಹತ್ತು ಲಕ್ಷದವರೆಗೆ ಇರಬಹುದೆಂದು ಅಂದಿನ ಪತ್ರಿಕೆಗಳು ಅಂದಾಜಿಸಿದವು. 2011ರ ಫೆಬ್ರುವರಿಯಲ್ಲಿ ಸೋನಿಯೂ ತನ್ನ ಪ್ಲೇಸ್ಟೇಷನ್ 3 ಬಳಕೆದಾರರಿಗೆ ಇಂಥದೇ ಎಚ್ಚರಿಕೆ ನೀಡಿತು. ಇವೆರಡೂ ಟಿ.ವಿ.ಗೆ ಜೋಡಿಸುವ ಯಂತ್ರಗಳು.

ಕೈ ಯಂತ್ರಗಳ ಸರದಿ 2016ರ ನವೆಂಬರಿನಲ್ಲಿ ಬಂತು. ನಿಂಟೆಂಡೊ 3ಡಿಎಸ್‌ಗಾಗಿ ನವೆಂಬರ್ 18ರಂದು ಬಿಡುಗಡೆಯಾಗಬೇಕಿದ್ದ ಪೋಕೆಮಾನ್ ಸನ್ ಮತ್ತು ಮೂನ್ ಆಟಗಳು ಮುಂಚಿತವಾಗಿಯೇ ಸೋರಿಕೆಯಾದವು. ಬಿಡುಗಡೆಗೆ ಮೊದಲೇ ಅವುಗಳನ್ನು ಆನ್‌ಲೈನ್‌ನಲ್ಲಿ ಆಡಿದವರ ಯಂತ್ರಗಳು ನಿಷೇಧಕ್ಕೊಳಗಾದವು. ಅಂಗಡಿಗೆ ಇನ್ನೂ ಬಾರದ ಆಟ ಕೈಯಲ್ಲಿದೆಯೆಂದರೆ ಅದು ಎಲ್ಲಿಂದ ಬಂತೆಂದು ಊಹಿಸುವುದು ಸಂಸ್ಥೆಗೆ ಕಷ್ಟವಾಗಲಿಲ್ಲ. ಆ ಯಂತ್ರದ ಆನ್‌ಲೈನ್ ಆಟದ ಸೇವೆಯೇ 2024ರ ಏಪ್ರಿಲ್‌ನಲ್ಲಿ ಮುಗಿದಿರುವುದರಿಂದ ಈಗ ಅದರ ಮಟ್ಟಿಗೆ ನಿಷೇಧದ ಪ್ರಶ್ನೆಗೆ ಮಹತ್ವ ಉಳಿದಿಲ್ಲ.

ಸ್ವಿಚ್ ಯಂತ್ರದ ಮೊದಲ ತಂಡಗಳ ಚಿಪ್ಪಿನಲ್ಲಿದ್ದ ಒಂದು ದೋಷ 2018ರ ಏಪ್ರಿಲ್‌ನಲ್ಲಿ ಬಹಿರಂಗವಾಯಿತು. ತಂತ್ರಾಂಶದ ಅಪ್‌ಡೇಟ್‌ನಿಂದ ಅದನ್ನು ಮುಚ್ಚುವಂತಿರಲಿಲ್ಲ. ಹೀಗಾಗಿ ಆ ಯಂತ್ರಗಳನ್ನು ಮಾರ್ಪಡಿಸುವುದು ಸುಲಭವಾಯಿತು. ಅದರ ಬೆನ್ನಿಗೇ ನಿಷೇಧಗಳೂ ಆರಂಭವಾದವು. ಇಂದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ದೊರೆಯುವ ಹಳೆಯ ಸ್ವಿಚ್‌ಗಳ ಬಗ್ಗೆ ಹೆಚ್ಚಿನ ಎಚ್ಚರ ಬೇಕೆನ್ನುವುದು ಈ ಕಾರಣಕ್ಕಾಗಿ. ಮಾರ್ಪಡಿಸುವ ಸಾಧನಗಳನ್ನು ಮಾರಿದ ಟೀಮ್ ಎಕ್ಸಿಕ್ಯೂಟರ್ ಎಂಬ ಗುಂಪಿನ ಗ್ಯಾರಿ ಬೌಸರ್ ಎಂಬಾತನಿಗೆ 2022ರ ಫೆಬ್ರುವರಿಯಲ್ಲಿ ಅಮೆರಿಕದ ನ್ಯಾಯಾಲಯವು 40 ತಿಂಗಳ ಸೆರೆವಾಸ ವಿಧಿಸಿತು.

2025ರ ಜೂನ್ 5ರಂದು ಸ್ವಿಚ್ 2 ಮಾರುಕಟ್ಟೆಗೆ ಬಂತು. ಅದಕ್ಕೂ ಮೊದಲೇ, ಮೇ ತಿಂಗಳಲ್ಲಿ, ನಿಂಟೆಂಡೊ ತನ್ನ ಬಳಕೆದಾರರ ಒಪ್ಪಂದವನ್ನು ತಿದ್ದಿ, ಒಪ್ಪಂದ ಮುರಿದವರ ಯಂತ್ರವನ್ನು ಪೂರ್ಣವಾಗಿ ಅಥವಾ ಭಾಗಶಃ ಶಾಶ್ವತವಾಗಿ ನಿರುಪಯುಕ್ತಗೊಳಿಸಬಹುದೆಂಬ ಮಾತನ್ನು ಸೇರಿಸಿತು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಮಿಗ್ ಸ್ವಿಚ್ ಎಂಬ ನಕಲು ಕಾರ್ಟ್ರಿಜ್ ಬಳಸಿದವರ ಯಂತ್ರಗಳು 2124-4508 ಎಂಬ ದೋಷಸಂಖ್ಯೆಯೊಡನೆ ಆನ್‌ಲೈನ್ ಸೇವೆಯಿಂದ ಹೊರಬಿದ್ದವು. ಸೆಕೆಂಡ್ ಹ್ಯಾಂಡ್ ಅಸಲಿ ಕಾರ್ಟ್ರಿಜ್ ಕೊಂಡ ಒಬ್ಬ ಬಳಕೆದಾರನೂ ನಿಷೇಧಕ್ಕೆ ಸಿಲುಕಿ, ಕೊಂಡದ್ದರ ಪುರಾವೆ ಮತ್ತು ಕಾರ್ಟ್ರಿಜ್‌ಗಳ ಚಿತ್ರಗಳನ್ನು ಒದಗಿಸಿದ ಮೇಲೆ ಸಂಸ್ಥೆಯು ನಿಷೇಧವನ್ನು ತೆಗೆದುಹಾಕಿತೆಂದು ವರದಿಯಾಯಿತು. ಕಾಗದಪತ್ರ ಜೋಪಾನವಾಗಿದ್ದವನಿಗೆ ಮಾತ್ರ ಬಿಡುಗಡೆ ಎಂಬ ಪಾಠ ಇದರಲ್ಲಿದೆ. ಇದೇ ಸಮಯದಲ್ಲಿ ಬ್ರೆಜಿಲಿನ ಸಾವೊ ಪಾಲೊ ರಾಜ್ಯದ ಗ್ರಾಹಕ ರಕ್ಷಣಾ ಸಂಸ್ಥೆಯು ಯಂತ್ರವನ್ನು ನಿರುಪಯುಕ್ತಗೊಳಿಸುವ ಷರತ್ತನ್ನು ಆಕ್ಷೇಪಿಸಿ ನಿಂಟೆಂಡೊಗೆ ನೋಟೀಸು ನೀಡಿತು. ಹಣ ಕೊಟ್ಟು ಕೊಂಡ ವಸ್ತುವಿನ ಮೇಲೆ ಮಾಲೀಕನ ಹಕ್ಕು ಎಲ್ಲಿಯವರೆಗೆ, ತಯಾರಕನ ಹಕ್ಕು ಎಲ್ಲಿಂದ ಎಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.

ನಮ್ಮ ಕಾನೂನು ಏನು ಹೇಳುತ್ತದೆ?

ಆನ್‌ಲೈನ್ ನಿಷೇಧವು ಸಂಸ್ಥೆ ಮತ್ತು ಬಳಕೆದಾರರ ನಡುವಿನ ಒಪ್ಪಂದದ ವಿಷಯ. ಆದರೆ ಅಂಗಡಿಯಲ್ಲಿ ಕುಳಿತು ಕಳ್ಳಪ್ರತಿ ತುಂಬಿಸಿಕೊಡುವುದು ನಮ್ಮ ದೇಶದ ದಂಡ ಕಾನೂನಿನ ವಿಷಯ. ಎರಡನ್ನೂ ಬೆರೆಸಬಾರದು.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಸಹ ಸಾಹಿತ್ಯ ಕೃತಿಯೇ; ವಿಡಿಯೋ ಗೇಮ್ ಈ ರಕ್ಷಣೆಯೊಳಗೆ ಬರುತ್ತದೆ. ಕಲಂ 63ರಂತೆ ತಿಳಿದೂ ತಿಳಿದೂ ಕೃತಿಸ್ವಾಮ್ಯ ಉಲ್ಲಂಘಿಸಿದವನಿಗೆ 6 ತಿಂಗಳಿಂದ 3 ವರ್ಷಗಳವರೆಗೆ ಕಾರಾಗೃಹವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವುಂಟು. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವಾದರೆ ನ್ಯಾಯಾಲಯವು ಸಕಾರಣವಾಗಿ ಶಿಕ್ಷೆ ಕಡಿಮೆ ಮಾಡಬಹುದು. ಹಣ ಪಡೆದು ತುಂಬಿಸಿಕೊಡುವ ಅಂಗಡಿಗೆ ಈ ರಿಯಾಯಿತಿ ಒದಗಲಾರದು. ಎರಡನೆಯ ಬಾರಿ ಅಪರಾಧ ಸಾಬೀತಾದರೆ ಕಲಂ 63-ಎ ಪ್ರಕಾರ ಕನಿಷ್ಠ ಶಿಕ್ಷೆ 1 ವರ್ಷ ಸೆರೆವಾಸ ಹಾಗೂ 1 ಲಕ್ಷ ರೂಪಾಯಿ ದಂಡಕ್ಕೆ ಏರುತ್ತದೆ. ಕಳ್ಳಪ್ರತಿಯ ಪ್ರೋಗ್ರಾಂ ಎಂದು ತಿಳಿದೂ ಬಳಸುವವನಿಗೆ ಕಲಂ 63-ಬಿ ಪ್ರತ್ಯೇಕ ಶಿಕ್ಷೆಯನ್ನು ಗೊತ್ತುಪಡಿಸಿದೆ.

2012ರ ತಿದ್ದುಪಡಿಯಿಂದ ಸೇರಿದ ಕಲಂ 65-ಎ ಈ ವ್ಯವಹಾರಕ್ಕೆ ನೇರವಾಗಿ ಸಂಬಂಧಿಸಿದ್ದು. ಕೃತಿಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು, ಅಂದರೆ ಯಂತ್ರದ ಬೀಗವನ್ನು, ಮುರಿಯುವವನಿಗೆ 2 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಲು ಅದು ಅವಕಾಶ ನೀಡುತ್ತದೆ. ಅದೇ 2012ರಲ್ಲಿ ದೆಹಲಿ ಹೈಕೋರ್ಟು, ಪ್ಲೇಸ್ಟೇಷನ್ ಯಂತ್ರಗಳನ್ನು ಮಾರ್ಪಡಿಸಿ ಕಳ್ಳಪ್ರತಿಗಳನ್ನು ಒದಗಿಸುತ್ತಿದ್ದರೆಂಬ ದೂರಿನ ಮೇಲೆ ಸೋನಿ ಹೂಡಿದ ದಾವೆಯಲ್ಲಿ ಅಂಗಡಿಗಳ ವಿರುದ್ಧ ಮಧ್ಯಂತರ ತಡೆಯಾಜ್ಞೆ ನೀಡಿತು.

ಕಲಂ 64ರಂತೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಲ್ಲದ ಪೊಲೀಸ್ ಅಧಿಕಾರಿಯು ವಾರಂಟ್ ಇಲ್ಲದೆ ಕಳ್ಳಪ್ರತಿಗಳನ್ನೂ ಅವನ್ನು ತಯಾರಿಸಲು ಬಳಸಿದ ಸಲಕರಣೆಗಳನ್ನೂ ವಶಪಡಿಸಿಕೊಳ್ಳಬಹುದು. ಸಲಕರಣೆ ಎಂದರೆ ಅಂಗಡಿಯ ಕಂಪ್ಯೂಟರೂ ಆದೀತು. ಬಿಲ್ಲು, ಉದ್ರಿ ಲೆಕ್ಕ ಎಲ್ಲವೂ ಅದರಲ್ಲಿಯೇ ಇದ್ದರೆ ವ್ಯಾಪಾರವೇ ನಿಂತುಹೋದಂತೆ. ಕಲಂ 63ರ ಅಪರಾಧವು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನು ರಹಿತ ಅಪರಾಧವೆಂದು ಸುಪ್ರೀಂ ಕೋರ್ಟು 2022ರ ಮೇ 20ರಂದು ನಿಟ್ ಪ್ರೊ ಇಂಟರ್‌ನ್ಯಾಷನಲ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಕರ್ನಾಟಕದ ಕಾನೂನು ಇನ್ನೂ ಒಂದು ಹೆಜ್ಜೆ ಮುಂದಿದೆ. ಗೂಂಡಾ ಕಾಯ್ದೆಯೆಂದೇ ಹೆಸರಾದ 1985ರ ರಾಜ್ಯ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು "ಡಿಜಿಟಲ್ ಅಪರಾಧಿ" ಎಂಬ ವರ್ಗವನ್ನು ಸೇರಿಸಲಾಯಿತು. ಪುಸ್ತಕ, ಸಂಗೀತ, ಚಲನಚಿತ್ರ, ತಂತ್ರಾಂಶ ಮುಂತಾದವುಗಳ ಕೃತಿಸ್ವಾಮ್ಯವನ್ನು ವಾಣಿಜ್ಯ ಉದ್ದೇಶಕ್ಕಾಗಿ ತಿಳಿದೂ ಉಲ್ಲಂಘಿಸುವವನು ಈ ವರ್ಗಕ್ಕೆ ಸೇರುತ್ತಾನೆ. ಸಾರ್ವಜನಿಕ ವ್ಯವಸ್ಥೆಗೆ ಧಕ್ಕೆಯಾಗುವುದೆಂದು ಕಂಡುಬಂದಲ್ಲಿ ಇಂಥವರನ್ನು ಗರಿಷ್ಠ 12 ತಿಂಗಳವರೆಗೆ ಮುಂಜಾಗ್ರತಾ ಬಂಧನದಲ್ಲಿಡಲು ಈ ಕಾಯ್ದೆ ಅವಕಾಶ ಕೊಡುತ್ತದೆ. ಸಣ್ಣ ಅಂಗಡಿಕಾರರ ಮೇಲೆ ಇಷ್ಟು ಕಠಿಣವಾದ ಅಸ್ತ್ರ ಬೇಕೆ ಎಂಬ ಟೀಕೆ ಆಗಲೇ ಕೇಳಿಬಂದಿತ್ತು, ಟೀಕೆಯಲ್ಲಿ ತಥ್ಯವಿಲ್ಲದಿಲ್ಲ. ಆದರೆ ಕಾನೂನು ಪುಸ್ತಕದಲ್ಲಿರುವವರೆಗೆ ಅದನ್ನು ಅಲಕ್ಷಿಸಿ ವ್ಯಾಪಾರ ಮಾಡುವುದು ವಿವೇಕವಲ್ಲ. ಅಮೆರಿಕ ಸರ್ಕಾರವು ಪ್ರಕಟಿಸುವ ಕುಖ್ಯಾತ ಮಾರುಕಟ್ಟೆಗಳ 2023ರ ಪಟ್ಟಿಯಲ್ಲಿ ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆಯ ಮಾರುಕಟ್ಟೆಯೂ ಸೇರಿತ್ತು. ಅಲ್ಲಿಂದ ಸಗಟು ಸರಕು ತರುವ ವರ್ತಕರು ಪ್ರತಿ ಸರಕಿಗೂ ಬಿಲ್ಲು ಕೇಳಿ ಪಡೆಯುವುದು ಕ್ಷೇಮ.

ಕಾಯ್ದೆಯು ನ್ಯಾಯವಾದ ಬಳಕೆದಾರನನ್ನು ಪೂರ್ಣ ಕೈಬಿಟ್ಟಿಲ್ಲವೆಂಬುದನ್ನೂ ಹೇಳಬೇಕು. ಕಲಂ 52ರ ಅಡಿಯಲ್ಲಿ, ನ್ಯಾಯಬದ್ಧವಾಗಿ ಪ್ರೋಗ್ರಾಂ ಹೊಂದಿದವನು ನಷ್ಟ ಅಥವಾ ಹಾನಿಯಿಂದ ತಾತ್ಕಾಲಿಕ ರಕ್ಷಣೆಗಾಗಿ ಮಾತ್ರ ಒಂದು ಕಾಯ್ದಿರಿಸಿದ ಪ್ರತಿ ಮಾಡಿಕೊಳ್ಳಬಹುದು. ಈ ಅನುಮತಿ ಸ್ವಂತದ ಪ್ರತಿಗೆ ಮಾತ್ರ. ಹತ್ತು ಗಿರಾಕಿಗಳಿಗೆ ಹಂಚುವ ಪ್ರತಿಗೆ ಅಲ್ಲ.

ಜಾತ್ರೆ, ಉರುಸುಗಳಲ್ಲಿ ಮತ್ತು ಆಟಿಕೆ ಅಂಗಡಿಗಳಲ್ಲಿ ಮಾರಾಟವಾಗುವ "ನಾನೂರು ಆಟಗಳು ಒಂದರಲ್ಲೇ" ಎಂಬ ಅಗ್ಗದ ಕೈ ಯಂತ್ರಗಳ ಬಗ್ಗೆಯೂ ಒಂದು ಮಾತು. ಅವು ಅಂತರಜಾಲಕ್ಕೆ ಸೇರುವುದೇ ಇಲ್ಲವಾದ್ದರಿಂದ ನಿಷೇಧದ ಭಯವಿಲ್ಲ. ಹಾಗೆಂದು ಅವುಗಳಲ್ಲಿ ತುಂಬಿದ ಹಳೆಯ ಆಟಗಳಿಗೆ ಮಾಲೀಕರೇ ಇಲ್ಲವೆಂದು ತಿಳಿಯಬಾರದು. ನಿಷೇಧವಿಲ್ಲ ಎಂದ ಮಾತ್ರಕ್ಕೆ ಉಲ್ಲಂಘನೆ ಇಲ್ಲವೆಂದಾಗದು.

ಗಿರಾಕಿಯ ಹಕ್ಕು, ವರ್ತಕನ ಹೊಣೆ

2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಮೂರು ಅಂಶಗಳು ಇಲ್ಲಿ ಮುಖ್ಯ. ಬಳಸಿದ ವಸ್ತುವನ್ನು ಹೊಸದೆಂದು ಮಾರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಅಥವಾ ರಸೀದಿ ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದಲ್ಲಿ 30 ದಿನಗಳೊಳಗೆ, ದೋಷವುಳ್ಳ ವಸ್ತುವನ್ನು ಹಿಂಪಡೆಯಲು ನಿರಾಕರಿಸುವುದೂ ಹಾಗೆಯೇ. ಆನ್‌ಲೈನ್ ಆಡಲು ಬರುತ್ತದೆಂದು ಹೇಳಿ ಮಾರಿದ ಯಂತ್ರ ನಿಷೇಧಿತವಾಗಿದ್ದರೆ ಗಿರಾಕಿಯು ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಕೊಡಬಹುದು. 5 ಲಕ್ಷ ರೂಪಾಯಿಗಳವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವೂ ಇಲ್ಲ. "ನನಗೂ ಗೊತ್ತಿರಲಿಲ್ಲ" ಎಂಬ ಉತ್ತರದಿಂದ ಗಿರಾಕಿಯ ನಷ್ಟ ತುಂಬುವುದಿಲ್ಲ.

ಲೆಕ್ಕ ಹಾಕಿ ನೋಡೋಣ

ಕೆಳಗಿನ ಅಂಕಿಗಳು ಕೇವಲ ಉದಾಹರಣೆಗಾಗಿ. ವರ್ತಕನು ಬಳಸಿದ ಯಂತ್ರವೊಂದನ್ನು 14,000 ರೂಪಾಯಿಗೆ ಕೊಂಡು 17,000ಕ್ಕೆ ಮಾರುತ್ತಾನೆ. ಲಾಭ 3,000. ವಾರದ ನಂತರ ಯಂತ್ರ ನಿಷೇಧಿತವೆಂದು ತಿಳಿದು ಗಿರಾಕಿ ಮರಳಿ ತರುತ್ತಾನೆ. 17,000 ರೂಪಾಯಿ ಹಿಂದಿರುಗಿಸಿ, ನಿಜ ಸಂಗತಿ ತಿಳಿಸಿ, ಆನ್‌ಲೈನ್ ಇಲ್ಲದ ಯಂತ್ರವೆಂದು 9,000ಕ್ಕೆ ಮಾರಿದರೆ ಅಸಲಿನಲ್ಲಿಯೇ 5,000 ರೂಪಾಯಿ ಹೋಯಿತು. ಅದನ್ನು ತುಂಬಿಕೊಳ್ಳಲು ಇನ್ನೂ ಎರಡು ಯಂತ್ರಗಳನ್ನು ಅದೇ ಲಾಭಕ್ಕೆ ಮಾರಬೇಕು. ಕೊಳ್ಳುವಾಗ ಹತ್ತು ನಿಮಿಷ ಪರೀಕ್ಷಿಸಿದ್ದರೆ ಈ ನಷ್ಟ ಬಹುಮಟ್ಟಿಗೆ ತಪ್ಪುತ್ತಿತ್ತು.

ಕಳ್ಳಪ್ರತಿ ತುಂಬಿಸುವವನ ಲೆಕ್ಕವೂ ಹೀಗೆಯೇ. ಒಂದಕ್ಕೆ 300 ರೂಪಾಯಿಯಂತೆ ತಿಂಗಳಿಗೆ 20 ಗಿರಾಕಿಗಳು ಬಂದರೆ ಕೈಸೇರುವುದು 6,000 ರೂಪಾಯಿ. ಕಲಂ 63ರ ಕನಿಷ್ಠ ದಂಡ 50,000 ರೂಪಾಯಿ ಎಂದರೆ ಎಂಟು ತಿಂಗಳಿಗೂ ಹೆಚ್ಚಿನ ಗಳಿಕೆ ಒಮ್ಮೆಲೇ ಹೋದಂತೆ. ಸೆರೆವಾಸ, ವಕೀಲರ ಶುಲ್ಕ, ಅಂಗಡಿಯ ಬಾಗಿಲು ಮುಚ್ಚಿದ ದಿನಗಳು ಇವನ್ನು ಯಾವ ಲೆಕ್ಕದಲ್ಲಿಯೂ ಬರೆಯಲಾಗದು.

ಬಳಸಿದ ಯಂತ್ರವನ್ನು ಕೊಳ್ಳುವಾಗ ಅನುಸರಿಸಬೇಕಾದ ಕ್ರಮ

1. ಯಂತ್ರವನ್ನು ಅಂಗಡಿಯ ವೈಫೈಗೆ ಸೇರಿಸಿ, ಮಾರುವವನ ಖಾತೆಯಿಂದಲೇ ಸಂಸ್ಥೆಯ ಆನ್‌ಲೈನ್ ಅಂಗಡಿಯನ್ನು ತೆರೆಸಿ ನೋಡಬೇಕು. ಸಿಸ್ಟಂ ಅಪ್‌ಡೇಟ್ ಆಯಿತೆಂಬುದೊಂದೇ ಸಾಕ್ಷ್ಯವಲ್ಲ. ನಿಷೇಧಿತ ಯಂತ್ರಕ್ಕೂ ಅಪ್‌ಡೇಟ್ ದೊರೆಯುವ ಸಂದರ್ಭಗಳುಂಟು.

2. "ವೈಫೈ ಬೇಡ, ಹಾಗೆಯೇ ಆಡಿ ನೋಡಿ" ಎಂದು ಮಾರುವವನು ಒತ್ತಾಯಿಸಿದರೆ ಅದನ್ನೇ ಎಚ್ಚರಿಕೆಯೆಂದು ತಿಳಿಯಬೇಕು.

3. ಮೆಮೊರಿ ಕಾರ್ಡಿನಲ್ಲಿ ಆಟಗಳು ಸಾಲುಗಟ್ಟಿದ್ದು, ಅವನ್ನು ಕೊಂಡ ದಾಖಲೆ ಖಾತೆಯಲ್ಲಿ ಇಲ್ಲದಿದ್ದರೆ ಯಂತ್ರವು ಮಾರ್ಪಟ್ಟಿದೆಯೆಂದು ಭಾವಿಸಬೇಕು. ಕವಚದ ಸ್ಕ್ರೂಗಳ ಮೇಲೆ ಬಿಚ್ಚಿದ ಗುರುತು ಇದೆಯೇ ಎಂದೂ ನೋಡಬೇಕು.

4. ಮೂಲ ಬಿಲ್ಲು, ಪೆಟ್ಟಿಗೆ, ಯಂತ್ರದ ಸೀರಿಯಲ್ ಸಂಖ್ಯೆ ಇವು ಪರಸ್ಪರ ತಾಳೆಯಾಗಬೇಕು. 2017ರಲ್ಲಿ ಸ್ವಿಚ್ ಬಿಡುಗಡೆಯಾದಾಗ ಭಾರತವು ಅದರ ಅಧಿಕೃತ ಮಾರುಕಟ್ಟೆಗಳಲ್ಲಿ ಒಂದಾಗಿರಲಿಲ್ಲ. ಆದ್ದರಿಂದ ಇಲ್ಲಿಗೆ ಬಂದ ಯಂತ್ರಗಳಿಗೆ ತಯಾರಕರ ಸ್ಥಳೀಯ ವಾರಂಟಿ ಇರುತ್ತದೆಂದು ಗಿರಾಕಿಗೆ ಮಾತು ಕೊಡಬಾರದು. ಹೊಸ ಆಮದು ಸರಕಿನ ಪೆಟ್ಟಿಗೆಯ ಮೇಲೆ ಆಮದುದಾರನ ಹೆಸರು, ವಿಳಾಸ ಮತ್ತು ಗರಿಷ್ಠ ಮಾರಾಟ ಬೆಲೆ ಇರಬೇಕೆಂಬುದು ಕಾನೂನುಬದ್ಧ ಮಾಪನಶಾಸ್ತ್ರದ ನಿಯಮ.

5. ಮಾರುವವನ ಗುರುತಿನ ಚೀಟಿಯ ಪ್ರತಿಯನ್ನೂ, "ಈ ಯಂತ್ರವನ್ನು ಮಾರ್ಪಡಿಸಿಲ್ಲ, ಕಳ್ಳಪ್ರತಿ ಬಳಸಿಲ್ಲ, 60 ದಿನಗಳೊಳಗೆ ಹಿಂದಿನ ಬಳಕೆಯ ಕಾರಣ ನಿಷೇಧ ಬಂದರೆ ಹಣ ಹಿಂದಿರುಗಿಸುತ್ತೇನೆ" ಎಂಬ ಸಹಿ ಮಾಡಿದ ಬರಹವನ್ನೂ ಪಡೆಯಬೇಕು. ನಿಷೇಧ ತಡವಾಗಿ ಬರುವ ಸಂಭವವಿರುವುದರಿಂದ ಈ ಬರಹವೇ ವರ್ತಕನ ರಕ್ಷೆ.

6. ಮಾರುವಾಗ ಬಿಲ್ಲಿನ ಮೇಲೆ "ಬಳಸಿದ ಯಂತ್ರ" ಎಂದೂ, ಸೀರಿಯಲ್ ಸಂಖ್ಯೆಯನ್ನೂ, ಆನ್‌ಲೈನ್ ಪರೀಕ್ಷೆ ಮಾಡಿದ ದಿನಾಂಕವನ್ನೂ ಬರೆಯಬೇಕು. ನಿಷೇಧಿತ ಯಂತ್ರವನ್ನು ಮಾರುವುದಾದರೆ "ಆನ್‌ಲೈನ್ ಸೇವೆ ಇಲ್ಲ" ಎಂದು ಸ್ಪಷ್ಟವಾಗಿ ಬರೆದು ಗಿರಾಕಿಯ ಸಹಿ ಪಡೆಯಬೇಕು. ಹಾಗೆ ಹೇಳಿ ಮಾರುವುದರಲ್ಲಿ ತಪ್ಪಿಲ್ಲ. ಮುಚ್ಚಿಟ್ಟು ಮಾರುವುದು ತಪ್ಪು.

7. ಜಿಎಸ್‌ಟಿ ನೋಂದಾಯಿತ ವರ್ತಕರು ಬಳಸಿದ ವಸ್ತುಗಳ ವ್ಯಾಪಾರದಲ್ಲಿ, ಕೊಳ್ಳುವಾಗ ಹೂಡುವಳಿ ತೆರಿಗೆ ಜಮೆ ಪಡೆದಿಲ್ಲವಾದರೆ, ನಿಯಮ 32(5)ರಂತೆ ಕೊಂಡ ಬೆಲೆ ಮತ್ತು ಮಾರಿದ ಬೆಲೆಗಳ ಅಂತರದ ಮೇಲೆ ಮಾತ್ರ ತೆರಿಗೆ ಕಟ್ಟಬಹುದು. ಮೇಲಿನ ಉದಾಹರಣೆಯಲ್ಲಿ ತೆರಿಗೆ ಬೀಳುವುದು 17,000 ರೂಪಾಯಿಯ ಮೇಲಲ್ಲ, 3,000 ರೂಪಾಯಿಯ ಮೇಲೆ. ಈ ಸೌಲಭ್ಯ ದೊರೆಯಲು ಕೊಂಡ ಬೆಲೆಯ ದಾಖಲೆ ಇರಲೇಬೇಕು.

ನ್ಯಾಯವಾದ ದಾರಿಯಲ್ಲಿಯೂ ಗಳಿಕೆಯುಂಟು

ಕಳ್ಳಪ್ರತಿಯತ್ತ ಜನರು ವಾಲುವುದಕ್ಕೆ ಕಾರಣ ದುಷ್ಟ ಬುದ್ಧಿಯಲ್ಲ, ಬೆಲೆ. ಒಂದು ಹೊಸ ಆಟದ ಬೆಲೆ ಹಲವು ಸಾವಿರ ರೂಪಾಯಿಗಳಾಗುವಾಗ, ತೊಗರಿಯ ಧಾರಣೆಯನ್ನು ನಂಬಿ ಬದುಕುವ ಮನೆಯ ಮಗು ಅದನ್ನು ಕೊಳ್ಳುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದುದೇ. ಇದಕ್ಕೆ ಉತ್ತರವೂ ವ್ಯಾಪಾರದಲ್ಲಿಯೇ ಇದೆ. ಅಸಲಿ ಕಾರ್ಟ್ರಿಜ್‌ಗಳನ್ನು ಕೊಂಡು, ಆಡಿ ಮುಗಿಸಿದ ಮೇಲೆ ಮರಳಿ ಕೊಂಡು, ಮತ್ತೊಬ್ಬರಿಗೆ ಮಾರುವ ವಿನಿಮಯದಲ್ಲಿ ಗಿರಾಕಿಗೆ ಖರ್ಚು ಕಡಿಮೆ, ಅಂಗಡಿಗೆ ಪ್ರತಿ ಸುತ್ತಿನಲ್ಲಿಯೂ ಸಣ್ಣ ಲಾಭ. ಇಂಥ ಕಾರ್ಟ್ರಿಜ್ ಕೊಳ್ಳುವಾಗಲೂ ಕೊಟ್ಟವನ ವಿವರ, ಕಾರ್ಟ್ರಿಜ್‌ನ ಚಿತ್ರ, ರಸೀದಿ ಇವನ್ನು ಕಾಯ್ದಿರಿಸಿದರೆ ಮುಂದೆ ನಿಷೇಧದ ತಕರಾರು ಬಂದಾಗ ಪುರಾವೆಯಾಗುತ್ತದೆ. ಹಣ ಕೊಡದೆ ನ್ಯಾಯಬದ್ಧವಾಗಿ ಆಡಬಹುದಾದ ಆಟಗಳೂ ಸಾಕಷ್ಟಿವೆ. ಅವನ್ನು ಹಾಕಿಕೊಟ್ಟು ಶ್ರಮದ ಶುಲ್ಕ ಪಡೆಯುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ. ಪರದೆ, ಬ್ಯಾಟರಿ, ಗುಂಡಿಗಳ ದುರಸ್ತಿಯಲ್ಲಿ ಕೈ ಪಳಗಿದವರಿಗಂತೂ ಕೆಲಸಕ್ಕೆ ಬರವಿರದು.

ನಮ್ಮ ಎಪಿಎಂಸಿ ಅಂಗಳದಲ್ಲಿ ಚೀಲದಿಂದ ಹಿಡಿ ಕಾಳು ತೆಗೆದು ಅಂಗೈಯಲ್ಲಿ ಹರಡಿ ನೋಡದೆ ಯಾರೂ ತೊಗರಿಗೆ ಬೆಲೆ ಕಟ್ಟುವುದಿಲ್ಲ. ಗೇಮ್ ಯಂತ್ರದ ಒಳಗಿನ ಕಾಳು ಕಣ್ಣಿಗೆ ಕಾಣದು. ಆದುದರಿಂದ ಅದನ್ನು ನೋಡುವ ಬಗೆಯನ್ನು ಹೊಸದಾಗಿ ಕಲಿಯಬೇಕಾಗಿದೆ. ಆಳಂದ, ಅಫಜಲಪುರ, ಜೇವರ್ಗಿಗಳ ಮೊಬೈಲ್ ವರ್ತಕರು ತಮ್ಮ ತಮ್ಮ ಪಟ್ಟಣಗಳಲ್ಲಿ ಒಟ್ಟಾಗಿ ಸೇರಿ, ಬಳಸಿದ ಯಂತ್ರಗಳ ಖರೀದಿಗೆ ಒಂದೇ ಮಾದರಿಯ ಮುಚ್ಚಳಿಕೆ ಪತ್ರವನ್ನು ಅಳವಡಿಸಿಕೊಂಡರೆ, ಒಂದು ಅಂಗಡಿಯಲ್ಲಿ ತಿರಸ್ಕೃತವಾದ ಯಂತ್ರ ಪಕ್ಕದ ಅಂಗಡಿಯವನ ಕೊರಳಿಗೆ ಬೀಳುವುದು ತಪ್ಪುತ್ತದೆ.